ಮಳೆಗಾಲಕ್ಕೊಂದು ಜನರೇಟರ್: ಮೊದಲು ಇಂಧನ, ಆಮೇಲೆ ಮಿಷನ್

ಮಲೆನಾಡಿನಲ್ಲಿ ಕರೆಂಟ್ ಹೋಗುವುದು ಹೊಸ ವಿಷಯವಲ್ಲ. ಜೂನ್ ಬಂತೆಂದರೆ ಗಾಳಿಗೆ ಮರ ಬೀಳುತ್ತದೆ, ತಂತಿ ಹರಿಯುತ್ತದೆ, ಕಂಬ ಮುರಿಯುತ್ತದೆ. ಲೈನ್‌ಮನ್‌ಗಳು ಜೀವ ಕೈಯಲ್ಲಿ ಹಿಡಿದುಕೊಂಡು ಕಾಡಿನೊಳಗೆ ಹೋಗಿ ಸರಿ ಮಾಡುತ್ತಾರೆ. ಒಂದು ಕಡೆ ಸರಿಯಾಗುವಷ್ಟರಲ್ಲಿ ಇನ್ನೊಂದು ಕಡೆ ಬಿದ್ದಿರುತ್ತದೆ. ಒಂದು ರಾತ್ರಿ, ಒಂದು ದಿನ ಕರೆಂಟ್ ಇಲ್ಲದಿದ್ದರೆ ಇನ್ವರ್ಟರ್ ಸಾಕು. ಆದರೆ ನಾಲ್ಕೈದು ದಿನ ಹೋದರೆ? ಕಳಸದ ಕಡೆ ತೋಟದ ಮನೆಯಲ್ಲಿ ಇರುವ ನಮ್ಮಂಥವರಿಗೆ ಅದು ಪ್ರತಿ ಮಳೆಗಾಲದ ಪ್ರಶ್ನೆ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ಸುತ್ತ ಗುಡ್ಡಗಳೇ ಕುಸಿದವು. ಚಾರ್ಮಾಡಿ ಘಾಟಿ ದೊಡ್ಡ ವಾಹನಗಳಿಗೆ ತಿಂಗಳುಗಟ್ಟಲೆ ಮುಚ್ಚಿತ್ತು. ಅಂಥ ಹೊತ್ತಿನಲ್ಲಿ ಕರೆಂಟ್ ಯಾವಾಗ ಬರುತ್ತದೆ ಎಂದು ಯಾರನ್ನು ಕೇಳುವುದು?

ಹಾಗಾಗಿ ಮನೆಗೆ ಒಂದು ಜನರೇಟರ್ ತರುವುದು ಎಂದು ತೀರ್ಮಾನವಾಯಿತು. ಎತ್ತಿ ಇಡಲು ಬರುವಂಥದ್ದು, ಒಂದಕ್ಕಿಂತ ಜಾಸ್ತಿ ಇಂಧನದಲ್ಲಿ ಓಡುವಂಥದ್ದು ಬೇಕಿತ್ತು. ಅದನ್ನು ಹೇಗೆ ಆರಿಸಿದೆವು, ಏನೇನು ಲೆಕ್ಕ ಹಾಕಿದೆವು ಎನ್ನುವುದನ್ನು ಇಲ್ಲಿ ಬರೆದಿದ್ದೇನೆ. ನಮ್ಮ ಹಾಗೆಯೇ ಯೋಚಿಸುತ್ತಿರುವವರು ತುಂಬ ಜನ ಇದ್ದಾರೆ ಎಂದು ನನಗೆ ಗೊತ್ತು.

ಅಂಗಡಿಗೆ ಹೋದರೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಎಷ್ಟು ಕೆವಿಎ ಬೇಕು?" ನನ್ನ ಪ್ರಕಾರ ಅದು, ಅಂದರೆ ಜನರೇಟರ್ ಎಷ್ಟು ಶಕ್ತಿಯದ್ದು ಎನ್ನುವುದು, ಎರಡನೇ ಪ್ರಶ್ನೆ. ಮೊದಲ ಪ್ರಶ್ನೆ ಬೇರೆ. ಮಳೆ ಶುರುವಾಗಿ ನಾಲ್ಕನೇ ದಿನ, ರಸ್ತೆ ಬಂದ್ ಆಗಿರುವಾಗ, ಮನೆಯಲ್ಲಿ ಯಾವ ಇಂಧನ ಇರುತ್ತದೆ? ಭದ್ರಾ ತುಂಬಿ ಬಂದರೆ ಹೆಬ್ಬಾಳೆ ಸೇತುವೆ ಮುಳುಗುತ್ತದೆ, ಕಳಸಕ್ಕೂ ಹೊರನಾಡಿಗೂ ಆ ದಾರಿಯ ಸಂಪರ್ಕ ತಪ್ಪುತ್ತದೆ. ಪೇಟೆಯ ಬಂಕ್ ತಲುಪಿದರೂ ಟ್ಯಾಂಕರ್ ಬಂದಿರಬೇಕಲ್ಲ? ಇಂಧನ ಮುಗಿದರೆ ಎಷ್ಟು ದೊಡ್ಡ ಜನರೇಟರ್ ಇದ್ದೂ ಪ್ರಯೋಜನವಿಲ್ಲ. ನಾವು ಆರಿಸಿದ್ದೆಲ್ಲ ಈ ಒಂದು ಪ್ರಶ್ನೆಯಿಂದಲೇ ಹೊರಟಿತು.

ಮೊದಲು ಮನೆಯ ಅಗತ್ಯ ಏನು ಎಂದು ನೋಡಿದೆವು. ನಮ್ಮೂರಿನ ಎಲೆಕ್ಟ್ರಿಷಿಯನ್ ತಂತಿಯಲ್ಲಿ ಎಷ್ಟು ಕರೆಂಟ್ ಹರಿಯುತ್ತದೆ ಎಂದು ತೋರಿಸುವ ಕ್ಲ್ಯಾಂಪ್ ಮೀಟರ್ ತಂದು ಒಂದೊಂದೇ ವಸ್ತು ಹಾಕಿ ಅಳೆದರು. "ಬರೀ ಹೇಳಿಕೆ ಮೇಲೆ ಮಿಷನ್ ತರ್ಬೇಡಿ ಮಾರಾಯ್ರೆ, ಅಳೆದು ನೋಡುವ" ಎಂದರು. ಆ ಮಾತಿಗೆ ನಾನು ಇವತ್ತಿಗೂ ಋಣಿ.

ನೀರಿನ ವಿಷಯ ಮೊದಲು. ನಮ್ಮ ಮನೆಗೆ ಅಬ್ಬಿ ನೀರು ಬರುತ್ತದೆ. ಮೇಲಿನ ಹಳ್ಳದಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ನೀರು, ಅದಕ್ಕೆ ಕರೆಂಟ್ ಬೇಡ. ಆದರೆ ಜೋರು ಮಳೆಯಲ್ಲಿ ಅಬ್ಬಿ ಕೆಸರಾಗುತ್ತದೆ, ಎಷ್ಟೋ ಸಲ ಪೈಪೇ ಕೊಚ್ಚಿ ಹೋಗುತ್ತದೆ. ಆಗ ಬಾವಿಯೇ ಗತಿ. ಬಾವಿಗೆ 1 ಎಚ್‌ಪಿ ಸಿಂಗಲ್ ಫೇಸ್ ಪಂಪ್ ಇದೆ. ಓಡುವಾಗ ಅದು ಆರೂವರೆ ಆಂಪಿಯರ್ ತೆಗೆದುಕೊಳ್ಳುತ್ತಿತ್ತು. ಆದರೆ ಸ್ವಿಚ್ ಹಾಕಿದ ಆ ಕ್ಷಣದಲ್ಲಿ ಮೀಟರಿನ ಮುಳ್ಳು 20 ದಾಟಿತು. ಮೋಟಾರ್ ಇರುವ ಯಾವ ವಸ್ತುವಾದರೂ ಹೀಗೇ. ನಿಂತಲ್ಲಿಂದ ಎದ್ದು ತಿರುಗಲು ಮೂರು ಪಟ್ಟು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಕರೆಂಟ್ ಕೇಳುತ್ತದೆ. ಜನರೇಟರ್ ಆರಿಸುವುದು ಈ ಒಂದು ಕ್ಷಣಕ್ಕಾಗಿ.

ಆಮೇಲೆ ಫ್ರಿಡ್ಜ್. ಅಮ್ಮನ ಇನ್ಸುಲಿನ್ ಅದರಲ್ಲಿದೆ. ಫ್ರಿಡ್ಜ್ ದಿನವಿಡೀ ಓಡಲೇಬೇಕು ಎಂಬ ಭಯ ಮನೆಯಲ್ಲಿತ್ತು. ಡಾಕ್ಟರನ್ನು ಕೇಳಿದೆವು. ಬಳಕೆಯಲ್ಲಿರುವ ಸೀಸೆಯನ್ನು ತಂಪಾದ ಕೋಣೆಯಲ್ಲಿ ಸುಮಾರು ನಾಲ್ಕು ವಾರ ಇಡಬಹುದು, ತೆರೆಯದ ಸೀಸೆಗಳಿಗೆ ಮಾತ್ರ 2ರಿಂದ 8 ಡಿಗ್ರಿ ಬೇಕು ಎಂದರು. ನಮ್ಮ ಕಡೆ ಮಳೆಗಾಲದಲ್ಲಿ ಹಗಲೂ ಚಳಿಯೇ. ಬಾಗಿಲು ಸುಮ್ನೆ ಸುಮ್ನೆ ತೆಗೆಯದೆ, ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಓಡಿಸಿದರೆ ಫ್ರಿಡ್ಜ್ ತಣ್ಣಗೇ ಇರುತ್ತದೆ. ದಿನಕ್ಕೆ ನಾಲ್ಕು ಗಂಟೆ ಎಂಬ ಲೆಕ್ಕ ಹುಟ್ಟಿದ್ದು ಇಲ್ಲಿಂದ.

ಮಿಕ್ಸಿ, ವೆಟ್ ಗ್ರೈಂಡರ್ ಎಲ್ಲ ಆ ನಾಲ್ಕು ಗಂಟೆಯೊಳಗೇ ಆಗುತ್ತವೆ. ಟಿವಿ ಬೇಕಾಗಿಲ್ಲ. ಗೀಸರ್ ನಮ್ಮಲ್ಲಿಲ್ಲ, ಬಚ್ಚಲ ಒಲೆ ಇದೆ. ತೋಟದ ಮೂರು ಫೇಸಿನ ಪಂಪಿನ ಮಾತೇ ಇಲ್ಲಿ ಬರುವುದಿಲ್ಲ, ಮಳೆಗಾಲದಲ್ಲಿ ತೋಟಕ್ಕೆ ನೀರು ಯಾರು ಬಿಡುತ್ತಾರೆ?

ಉಳಿದದ್ದು ಇನ್ವರ್ಟರ್ ಬ್ಯಾಟರಿ. ಇದನ್ನು ತುಂಬ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಆದರೆ ಇಡೀ ಯೋಜನೆ ನಿಂತಿರುವುದು ಇದರ ಮೇಲೆ. ನಮ್ಮದು 12 ವೋಲ್ಟ್, 150 ಎಎಚ್ (ಆಂಪಿಯರ್ ಅವರ್) ಟ್ಯೂಬುಲರ್ ಬ್ಯಾಟರಿ. ಗುಣಿಸಿದರೆ 1,800 ವ್ಯಾಟ್ ಅವರ್, ಅಂದರೆ ಎರಡು ಯೂನಿಟ್‌ಗೂ ಕಡಿಮೆ. ಬ್ಯಾಟರಿ ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧ ಮಾತ್ರ ಬಳಸುವುದು ಒಳ್ಳೆಯದು. ಜನರೇಟರ್ ಒಂದು ಗಂಟೆ ಓಡಿಸಿದರೆ ಬ್ಯಾಟರಿ ಭರ್ತಿಯಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಆಗುವುದಿಲ್ಲ. ಇಂಥ ಬ್ಯಾಟರಿಗೆ ಸಾಮಾನ್ಯವಾಗಿ ಅದರ ಎಎಚ್‌ನ ಹತ್ತನೇ ಒಂದು ಭಾಗದಷ್ಟೇ ಚಾರ್ಜಿಂಗ್ ಕರೆಂಟ್ ಹೋಗುತ್ತದೆ. ನಮ್ಮದಕ್ಕೆ 15 ಆಂಪಿಯರ್. ನಾಲ್ಕು ಗಂಟೆಗೆ 60 ಎಎಚ್. ನಷ್ಟವೆಲ್ಲ ಕಳೆದು ಕೈಗೆ ಸಿಗುವುದು 550 ವ್ಯಾಟ್ ಅವರ್ ಆಸುಪಾಸು. 9 ವ್ಯಾಟಿನ ಐದು ಎಲ್‌ಇಡಿ ಬಲ್ಬ್ ಐದು ಗಂಟೆಗೆ 225. ಇಂಟರ್ನೆಟ್ ಮೋಡೆಮ್ ಮತ್ತು ರೂಟರ್ ಹನ್ನೆರಡು ಗಂಟೆಗೆ 240. ಮೊಬೈಲ್ ಚಾರ್ಜಿಗೆ ಸ್ವಲ್ಪ. ಸರಿಯಾಗಿ ಸಾಕಾಗುತ್ತದೆ. ಮಳೆಯಲ್ಲಿ ಫ್ಯಾನ್ ಬೇಡವಾದ್ದರಿಂದ ಈ ಲೆಕ್ಕ ಕೂಡಿತು. ಬಯಲುಸೀಮೆಯವರಿಗೆ, ಕರಾವಳಿಯವರಿಗೆ ಫ್ಯಾನ್ ಸೇರಿಸಿ ಬೇರೆ ಲೆಕ್ಕ ಹಾಕಬೇಕಾಗುತ್ತದೆ.

ಅಂದರೆ ಜನರೇಟರ್ 24 ಗಂಟೆ ಓಡಬೇಕಾಗಿಲ್ಲ. ನಾಲ್ಕು ಗಂಟೆ ಅದು, ಉಳಿದ ಹೊತ್ತು ಬ್ಯಾಟರಿ. ಇಷ್ಟು ಗೊತ್ತಾದ ಮೇಲೆ ಇಂಧನದ ಪ್ರಶ್ನೆಗೆ ಉತ್ತರ ಹುಡುಕುವುದು ಸುಲಭವಾಯಿತು.

ಪೆಟ್ರೋಲ್ ನಮ್ಮ ಮನೆಯಲ್ಲಿ ಹೇಗೂ ಇರುತ್ತದೆ. ಕಳೆ ಹೊಡೆಯುವ ಮಿಷನ್‌ಗೆ ಬೇಕು, ಬೈಕಿಗೆ ಬೇಕು. ಇದು ದೊಡ್ಡ ಅನುಕೂಲ. ಏಕೆಂದರೆ ಪೆಟ್ರೋಲನ್ನು ಜನರೇಟರ್‌ಗೆಂದೇ ತಂದು ವರ್ಷಗಟ್ಟಲೆ ಇಟ್ಟರೆ ಅದು ಹಾಳಾಗುತ್ತದೆ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಕಡೆಯ ತೇವ ಕೇಳಬೇಕೇ? ನೀರು ಜಾಸ್ತಿಯಾದರೆ ಅದು ಎಥನಾಲ್ ಜೊತೆ ಸೇರಿ ಡಬ್ಬಿಯ ತಳಕ್ಕೆ ಇಳಿಯುತ್ತದೆ. ಹಳೇ ಪೆಟ್ರೋಲ್ ಕಾರ್ಬ್ಯುರೇಟರಿನಲ್ಲೇ ಉಳಿದರೆ ಅಂಟು ಕಟ್ಟಿ, ಸಣ್ಣ ಜೆಟ್ ಮುಚ್ಚಿಹೋಗಿ ಮಿಷನ್ ಸ್ಟಾರ್ಟ್ ಆಗುವುದೇ ಇಲ್ಲ. ವರ್ಷಕ್ಕೊಮ್ಮೆ ಹೊರತೆಗೆಯುವ ಜನರೇಟರ್‌ಗಳು ಬೇಕಾದಾಗಲೇ ಕೈಕೊಡಲು ಇದೇ ದೊಡ್ಡ ಕಾರಣ.

ಇನ್ನೊಂದು ವಿಷಯ ಕಾನೂನು. ಮನೆಯ ಬಳಕೆಗೆ ಲೈಸೆನ್ಸ್ ಇಲ್ಲದೆ 30 ಲೀಟರ್ ತನಕ ಪೆಟ್ರೋಲ್ ಇಡಬಹುದು, 1934ರ ಪೆಟ್ರೋಲಿಯಂ ಕಾಯ್ದೆಯಲ್ಲಿ ಹಾಗಿದೆ. ಲೋಹದ ಡಬ್ಬಿಯಾದರೆ ಒಂದೊಂದೂ 25 ಲೀಟರ್ ಮೀರಬಾರದು. ಪ್ಲಾಸ್ಟಿಕ್ ಬಾಟಲಿ, ಕೊಡಪಾನದಲ್ಲಿ ತುಂಬಿಸುವುದು ಬೇಡವೇ ಬೇಡ. ನಾವು 20 ಲೀಟರಿನ ಗಟ್ಟಿ ಮುಚ್ಚಳದ ತಗಡಿನ ಕ್ಯಾನ್ ಇಟ್ಟುಕೊಂಡೆವು. ಮೇ ಕೊನೆಯಲ್ಲಿ ತುಂಬಿಸುವುದು, ಕಳೆ ಮಿಷನ್‌ಗೂ ಬೈಕಿಗೂ ಅದರಿಂದಲೇ ತೆಗೆಯುವುದು, ಖಾಲಿಯಾದಷ್ಟು ಮತ್ತೆ ಹೊಸದು ತುಂಬುವುದು. ಹೀಗಾದರೆ ಹಳೇ ಪೆಟ್ರೋಲ್ ಎಂಬುದೇ ಇರುವುದಿಲ್ಲ.

ಸೀಮೆಎಣ್ಣೆಯನ್ನೂ ನೋಡಿದೆವು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಜನರೇಟರ್‌ಗಳು ನಮ್ಮಲ್ಲಿ ಹಿಂದಿನಿಂದ ಇವೆ. ಮದುವೆ ಮನೆ, ಯಕ್ಷಗಾನದ ಬಯಲು, ಅಂಗಡಿ ಮುಂಗಟ್ಟಲ್ಲಿ ಅವುಗಳ ವಾಸನೆ ಎಲ್ಲರಿಗೂ ಗೊತ್ತು. ಆದರೆ ನಮಗೆ ಈಗ ಸೀಮೆಎಣ್ಣೆ ಸಿಗುವುದೇ ಕಷ್ಟ. ಸಿಗದ ಇಂಧನದ ಮಿಷನ್ ಯಾಕೆ? ಡೀಸೆಲ್ ಒಳ್ಳೆಯದು, ಆದರೆ ಡೀಸೆಲ್ ಮಿಷನ್ ಭಾರ, ಬೆಲೆ ಜಾಸ್ತಿ, ನಮ್ಮ ಸಣ್ಣ ಲೋಡಿಗೆ ದೊಡ್ಡದಾಯಿತು. ಎರಡನ್ನೂ ಬಿಟ್ಟೆವು.

ಗೋಬರ್ ಗ್ಯಾಸ್ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಸುಲಭವಾಗಿ ಒಪ್ಪಲಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ದನ ಇವೆ, ದೀನಬಂಧು ಮಾದರಿಯ 2 ಘನ ಮೀಟರಿನ ಗುಂಡಿ ಇದೆ. ಅಡುಗೆ ಬಹುಪಾಲು ಅದರಲ್ಲೇ. ಮನೆಯ ಹಿತ್ತಲಲ್ಲೇ ಹುಟ್ಟುವ, ಯಾವ ಸೇತುವೆಯನ್ನೂ ದಾಟಿ ಬರಬೇಕಿಲ್ಲದ ಇಂಧನ ಅದು. ಅದರಲ್ಲಿ ಜನರೇಟರ್ ಓಡಿಸಿದರೆ ಅದಕ್ಕಿಂತ ಒಳ್ಳೆಯದು ಏನಿದೆ? ಓಡುವುದು ಸಾಧ್ಯವೂ ಹೌದು. ಗೋಬರ್ ಗ್ಯಾಸಿನಲ್ಲಿ ಶೇಕಡಾ 55ರಿಂದ 60 ಭಾಗ ಮೀಥೇನ್, ಉಳಿದದ್ದು ಬಹುತೇಕ ಉರಿಯದ ಇಂಗಾಲದ ಡೈಆಕ್ಸೈಡ್. ಸಣ್ಣ ಎಂಜಿನ್‌ನಲ್ಲಿ ಒಂದು ಘನ ಮೀಟರ್ ಗ್ಯಾಸಿಗೆ ಒಂದರಿಂದ ಒಂದೂವರೆ ಯೂನಿಟ್ ಕರೆಂಟ್ ಬರುತ್ತದೆ ಎಂದುಕೊಳ್ಳಬಹುದು.

ಇಲ್ಲಿ ಎರಡು ತೊಂದರೆ ಕಂಡವು. ಗ್ಯಾಸಿನಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ, ಆ ಕೊಳೆತ ಮೊಟ್ಟೆಯ ವಾಸನೆಯದ್ದು. ಅದು ಎಂಜಿನ್ನಿನ ಒಳಭಾಗಗಳನ್ನು ತಿನ್ನುತ್ತದೆ, ಆಯಿಲ್ ಬೇಗ ಕೆಡಿಸುತ್ತದೆ. ಕಬ್ಬಿಣದ ಹುಡಿ ತುಂಬಿದ ಕೊಳವೆಯ ಮೂಲಕ ಹಾಯಿಸಿ ಅದನ್ನು ತೆಗೆಯಬಹುದು, ಆದರೆ ಆ ಹುಡಿಯನ್ನು ಆಗಾಗ ಬದಲಿಸುತ್ತಿರಬೇಕು. ಇದನ್ನಾದರೂ ಮಾಡಬಹುದಿತ್ತು. ಎರಡನೆಯದು ನಿಸರ್ಗದ ತೊಂದರೆ. ಗ್ಯಾಸ್ ಹುಟ್ಟಿಸುವ ಸೂಕ್ಷ್ಮಜೀವಿಗಳಿಗೆ 35 ಡಿಗ್ರಿ ಆಸುಪಾಸಿನ ಬಿಸಿ ಇಷ್ಟ. ಚಳಿಯಾದರೆ ಅವು ಮಂದವಾಗುತ್ತವೆ. ಜುಲೈ, ಆಗಸ್ಟ್‌ನಲ್ಲಿ ನಮ್ಮ ಗುಂಡಿಯಲ್ಲಿ ಬೇಸಿಗೆಯಷ್ಟು ಗ್ಯಾಸ್ ಬರುವುದಿಲ್ಲ, ಬೆಳಗಿನ ತಿಂಡಿ ಮುಗಿಯುವಷ್ಟರಲ್ಲಿ ಒಲೆ ಸಣ್ಣಗಾಗುತ್ತದೆ. ಕರೆಂಟ್ ಹೋಗುವುದೂ ಆಗಲೇ. ಬೇಕಾದ ಹೊತ್ತಿಗೇ ಕಡಿಮೆಯಾಗುವ ಇಂಧನವನ್ನು ತುರ್ತಿಗೆ ನಂಬುವುದು ಹೇಗೆ? ದನ ಜಾಸ್ತಿ ಇರುವ, ದೊಡ್ಡ ಗುಂಡಿ ಇರುವ, ಬಿಸಿಲೂರಿನ ಹೈನುಗಾರರಿಗೆ ಇದು ಖಂಡಿತ ಯೋಚಿಸಬೇಕಾದ ದಾರಿ. ನಮ್ಮಲ್ಲಿ ಗೋಬರ್ ಗ್ಯಾಸ್ ಒಲೆಗೇ ಇರಲಿ ಎಂದಾಯಿತು.

ಹೀಗೆ ಉಳಿದದ್ದು ಎಲ್‌ಪಿಜಿ. ಸಿಲಿಂಡರಿನಲ್ಲಿ ಎಷ್ಟು ವರ್ಷ ಇಟ್ಟರೂ ಅದು ಹಳಸುವುದಿಲ್ಲ, ಅಂಟು ಕಟ್ಟುವುದಿಲ್ಲ, ನೀರು ಹೀರುವುದಿಲ್ಲ. ಎಂಜಿನ್ ಒಳಗೆ ಮಸಿಯೂ ಕಡಿಮೆ. ತುರ್ತಿಗೆಂದು ಎತ್ತಿಡುವ ಇಂಧನಕ್ಕೆ ಬೇಕಾದ ಗುಣ ಅದಕ್ಕಿದೆ. ಆದರೆ ಅಡುಗೆಗೆ ಕೊಡುವ 14.2 ಕೆಜಿಯ ಕೆಂಪು ಸಿಲಿಂಡರನ್ನು ಜನರೇಟರ್‌ಗೆ ಹಾಕುವ ಹಾಗಿಲ್ಲ, ಅದು ನಿಯಮಕ್ಕೆ ವಿರುದ್ಧ. ಆದ್ದರಿಂದ 19 ಕೆಜಿಯ ವಾಣಿಜ್ಯ ಸಿಲಿಂಡರ್ ತೆಗೆದುಕೊಂಡೆವು. ಬೆಲೆ ಜಾಸ್ತಿ, ನಿಜ. ವರ್ಷಕ್ಕೆ ಒಂದೋ ಎರಡೋ ಬೇಕಾಗುವುದು, ನಡೆಯುತ್ತದೆ.

5 ಕೆಜಿಯ ಸಣ್ಣ ಸಿಲಿಂಡರ್ ಎತ್ತಲು ಸುಲಭ ಅಲ್ವಾ ಎಂದು ಮನೆಯಲ್ಲಿ ಕೇಳಿದರು. ಸುಲಭ, ಆದರೆ ಎಂಜಿನ್ ಎಳೆಯುವ ವೇಗಕ್ಕೆ ಅದು ಗ್ಯಾಸ್ ಕೊಡಲಾರದು. ಸಿಲಿಂಡರಿನೊಳಗೆ ಇರುವುದು ದ್ರವ. ಅದು ಆವಿಯಾಗಲು ಸುತ್ತಲಿನ ಬಿಸಿ ಬೇಕು, ಆ ಬಿಸಿ ಸಿಲಿಂಡರಿನ ಮೈಯಿಂದ ಒಳಗೆ ಹೋಗಬೇಕು. ಮೈ ಸಣ್ಣದಾದರೆ ಬಿಸಿ ಸಾಲದೆ ಸಿಲಿಂಡರ್ ತಣ್ಣಗಾಗುತ್ತಾ, ಹೊರಗೆ ಹಿಮ ಕಟ್ಟಿ, ಒತ್ತಡ ಇಳಿದು ಎಂಜಿನ್ ಕೆಮ್ಮಲು ಶುರುಮಾಡುತ್ತದೆ. ನಮ್ಮ ಎಲ್‌ಪಿಜಿಯಲ್ಲಿ ಬ್ಯೂಟೇನ್ ಪಾಲು ದೊಡ್ಡದು. ಅದು ಸೊನ್ನೆ ಡಿಗ್ರಿಯ ಹತ್ತಿರ ಬಂದರೆ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ದೊಡ್ಡ ಸಿಲಿಂಡರಿಗೆ ಈ ಕಷ್ಟ ಕಡಿಮೆ.

ಲೆಕ್ಕ ಹೀಗೆ ಬಂತು. ಅರ್ಧ ಲೋಡಿನಲ್ಲಿ ಪೆಟ್ರೋಲ್ ಗಂಟೆಗೆ ಸುಮಾರು ಒಂದು ಲೀಟರ್. 20 ಲೀಟರಿಗೆ, ದಿನಕ್ಕೆ ನಾಲ್ಕು ಗಂಟೆಯಂತೆ, ಐದು ದಿನ. ಎಲ್‌ಪಿಜಿ ಗಂಟೆಗೆ ಮುಕ್ಕಾಲು ಕೆಜಿ. 19 ಕೆಜಿಗೆ ಆರು ದಿನ. ಎರಡೂ ಸೇರಿದರೆ ಹತ್ತು ದಿನ ಹೊರಗಿನ ಹಂಗಿಲ್ಲ. ಒಂದು ಬಂಕಿನಿಂದ ಬರುವುದು, ಇನ್ನೊಂದು ಗ್ಯಾಸ್ ಏಜೆನ್ಸಿಯಿಂದ. ಒಂದು ಸಿಗದಿದ್ದರೆ ಇನ್ನೊಂದು ಸಿಕ್ಕೀತು. ಎರಡು ಇಂಧನದ ಮಿಷನ್ ಬೇಕೆಂದು ನಾನು ಹಠ ಹಿಡಿದದ್ದು ಇದಕ್ಕೇ.

ಈ ನಡುವೆ ಅಮೆರಿಕದಲ್ಲಿರುವ ಭಾವ ಫೋನ್ ಮಾಡಿ, ಅಲ್ಲಿ ಪೆಟ್ರೋಲ್, ಪ್ರೊಪೇನ್, ಪೈಪಿನ ಗ್ಯಾಸ್ ಮೂರರಲ್ಲೂ ಓಡುವ ಜನರೇಟರ್ ಮನೆಮನೆಯಲ್ಲಿದೆ, ಕಳಿಸುವ ದಾರಿ ನೋಡಲಾ ಎಂದರು. ಪ್ರೀತಿಯಿಂದ ಕೇಳಿದ್ದು. ಆದರೆ ಅಲ್ಲಿನ ಮನೆ ಕರೆಂಟ್ 120 ವೋಲ್ಟ್, 60 ಹರ್ಟ್ಜ್. ನಮ್ಮದು 230 ವೋಲ್ಟ್, 50 ಹರ್ಟ್ಜ್. ಅಲ್ಲಿನ ರೆಗ್ಯುಲೇಟರ್ ನಮ್ಮ ಸಿಲಿಂಡರಿಗೆ ಕೂರುವುದಿಲ್ಲ. ಪೈಪಿನ ಗ್ಯಾಸ್ ಬೆಂಗಳೂರಿನ ಕೆಲವು ಬಡಾವಣೆಗಳಲ್ಲಿ ಇದೆ, ನಮ್ಮ ಘಟ್ಟಕ್ಕೆ ಇಲ್ಲ. ಇಂಟರ್ನೆಟ್‌ನಲ್ಲಿ ವಿಡಿಯೊ ನೋಡಿ ಜನರೇಟರ್ ಆರಿಸುವವರು ಇದನ್ನು ಗಮನಿಸಬೇಕು, ಹೆಚ್ಚಿನ ವಿಡಿಯೊಗಳು ಅಲ್ಲಿನ ಮನೆಗಳಿಗಾಗಿ ಮಾಡಿದವು.

ಈಗ ಕೆವಿಎ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವುದು ಗರಿಷ್ಠ ಶಕ್ತಿ, ಕೆಲವೇ ಹೊತ್ತು ಕೊಡಬಲ್ಲದ್ದು. ನೋಡಬೇಕಾದದ್ದು ಸಣ್ಣಕ್ಷರದ ರೇಟೆಡ್ ಶಕ್ತಿ. ಜೊತೆಗೆ, 3 ಕೆವಿಎ ಎಂದರೆ 3 ಕಿಲೋವ್ಯಾಟ್ ಎಂದೇ ಇರಬೇಕಾಗಿಲ್ಲ, ಅದರಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು, ಅಂದರೆ ಪವರ್ ಫ್ಯಾಕ್ಟರ್, 0.8 ಇದ್ದರೆ 2.4 ಅಷ್ಟೇ. ನಾವು ಆರಿಸಿದ್ದು ಪೆಟ್ರೋಲಿನಲ್ಲಿ ರೇಟೆಡ್ 3.2 ಕಿಲೋವ್ಯಾಟ್ ಇರುವಂಥದ್ದು. ಎಲ್‌ಪಿಜಿಗೆ ಬದಲಿಸಿದರೆ ಹತ್ತು ಪರ್ಸೆಂಟ್ ಹೋಗುತ್ತದೆ, 2.9 ಉಳಿಯುತ್ತದೆ. ಕಳಸ ಸಮುದ್ರ ಮಟ್ಟದಿಂದ 800 ಮೀಟರ್ ಎತ್ತರದಲ್ಲಿದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ, ಪ್ರತಿ 300 ಮೀಟರಿಗೆ ಮೂರೂವರೆ ಪರ್ಸೆಂಟ್ ಶಕ್ತಿ ಕಡಿಮೆಯಾಗುತ್ತದೆ. ಕೊನೆಗೆ ಕೈಗೆ ಬಂದದ್ದು 2.6 ಕಿಲೋವ್ಯಾಟ್. ಓಡುವ ಪಂಪಿಗೆ ಒಂದೂಕಾಲು ಸಾಕು, ಆದರೆ ಏಳುವ ಪಂಪಿಗೆ?

ಇದಕ್ಕೆ ಕಾಗದದ ಲೆಕ್ಕ ಸಾಲದು. ನಾನು ಅಂಗಡಿಯವರಿಗೆ ಒಂದೇ ಮಾತು ಹೇಳಿದೆ: ಮಿಷನ್ ಮನೆಗೆ ತನ್ನಿ, ಗ್ಯಾಸಿನಲ್ಲಿ ಓಡಿಸಿ ನಮ್ಮ ಬಾವಿ ಪಂಪ್ ಎಬ್ಬಿಸಿ ತೋರಿಸಿ, ಎದ್ದರೆ ಅಲ್ಲೇ ದುಡ್ಡು ಕೊಡುತ್ತೇನೆ. ಕೆಲವರು ಒಪ್ಪಲಿಲ್ಲ. ಒಪ್ಪಿ ತಂದವರಲ್ಲಿ ಒಬ್ಬರದು ಇನ್ವರ್ಟರ್ ಜನರೇಟರ್, ಅಂದರೆ ಕರೆಂಟನ್ನು ಒಳಗೇ ಎಲೆಕ್ಟ್ರಾನಿಕ್ ಆಗಿ ಹದ ಮಾಡಿ ಕೊಡುವಂಥದ್ದು. ಸದ್ದು ಬಹಳ ಕಡಿಮೆ, ಕರೆಂಟ್ ಶುದ್ಧ, ಲೋಡ್ ಕಡಿಮೆಯಾದರೆ ಎಂಜಿನ್ ತಾನೇ ನಿಧಾನವಾಗಿ ಇಂಧನ ಉಳಿಸುತ್ತದೆ. ಕಂಪ್ಯೂಟರ್, ಫ್ರಿಡ್ಜ್, ಲೈಟ್ ಮಾತ್ರ ಇರುವ ಮನೆಗೆ ನಾನು ಕಣ್ಣುಮುಚ್ಚಿ ಅದನ್ನೇ ಹೇಳುತ್ತೇನೆ. ಆದರೆ ನಮ್ಮ ಪಂಪ್ ಹಾಕಿದ ಕೂಡಲೇ ಓವರ್‌ಲೋಡ್ ದೀಪ ಹೊತ್ತಿ ನಿಂತಿತು. ಇನ್ನೊಬ್ಬರು ತಂದದ್ದು 3,000 ಆರ್‌ಪಿಎಂನಲ್ಲಿ ಒಂದೇ ಸಮ ಓಡುವ ಸಾಮಾನ್ಯ ಜನರೇಟರ್, ವೋಲ್ಟೇಜ್ ಹಿಡಿದಿಡುವ ಎವಿಆರ್ ಇರುವಂಥದ್ದು. ಪಂಪ್ ಹಾಕಿದಾಗ ಎಂಜಿನ್ ಒಮ್ಮೆ ತಗ್ಗಿತು, ಬಲ್ಬ್ ಮಂಕಾಯಿತು, ಆಮೇಲೆ ಬಾವಿಯಿಂದ ನೀರು ಬಂತು. ಪೆಟ್ರೋಲಿನಲ್ಲೂ ನೋಡಿದೆವು, ಇನ್ನೂ ಸುಲಭವಾಗಿ ಎದ್ದಿತು. ಸದ್ದು ಜಾಸ್ತಿ, ಆದರೆ ನಮ್ಮ ಕೆಲಸಕ್ಕೆ ಅದೇ ಸರಿ.

ಗ್ಯಾಸಿನ ಜೋಡಣೆಯನ್ನು ನೀವೇ ಮಾಡಲು ಹೋಗಬೇಡಿ. ಅದಕ್ಕೆಂದೇ ಬರುವ ರೆಗ್ಯುಲೇಟರ್ ಇದೆ. ಎಂಜಿನ್ ಎಳೆದಷ್ಟೇ ಗ್ಯಾಸ್ ಬಿಡುತ್ತದೆ, ಎಂಜಿನ್ ನಿಂತರೆ ತಾನೂ ಮುಚ್ಚುತ್ತದೆ. ಒಲೆಯ ರೆಗ್ಯುಲೇಟರ್ ಸಿಕ್ಕಿಸಿ ಓಡಿಸುವವರನ್ನು ನೋಡಿದ್ದೇನೆ, ಅದು ಬೆಂಕಿಯ ಜೊತೆ ಆಟ. ಪೆಟ್ರೋಲಿನಿಂದ ಗ್ಯಾಸಿಗೆ ಹೋಗುವಾಗ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದೆಲ್ಲ ಉರಿದು ಎಂಜಿನ್ ನಿಲ್ಲುವ ತನಕ ಕಾಯಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಸಿಲಿಂಡರ್ ಇರುವ ಜಾಗ ಗುಂಡಿಯಾಗಿರಬಾರದು, ಹತ್ತಿರ ಚರಂಡಿ ಇರಬಾರದು. ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ಪ್ರತಿ ಸಲ ನೋಡುತ್ತೇವೆ.

ಮಿಷನ್ ಎಲ್ಲಿಡುವುದು? ಮಳೆ ಸುರಿಯುವಾಗ ಎಲ್ಲರಿಗೂ ಮೊದಲು ಹೊಳೆಯುವುದು ಜಗಲಿ, ಇಲ್ಲವೇ ಸೌದೆ ಕೊಟ್ಟಿಗೆ. ಎರಡೂ ಅಪಾಯ. ಎಂಜಿನ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಸುಸ್ತು ಎಂದು ಮಲಗಿದವರು ಏಳದೇ ಹೋಗುತ್ತಾರೆ. ಗ್ಯಾಸಿನಲ್ಲಿ ಓಡಿಸಿದರೂ ಈ ವಿಷ ಇದ್ದೇ ಇರುತ್ತದೆ, ಹೊಗೆ ಕಾಣುವುದಿಲ್ಲ ಎಂದು ಮೋಸ ಹೋಗಬಾರದು. ನಾವು ಮನೆಯಿಂದ ಇಪ್ಪತ್ತು ಅಡಿಗಿಂತ ಜಾಸ್ತಿ ದೂರದಲ್ಲಿ, ಮೂರು ಕಡೆ ತೆರೆದ ಒಂದು ತಗಡಿನ ಮಾಡು ಕಟ್ಟಿಸಿದೆವು. ಮಳೆಗಾಲದ ಗಾಳಿ ಪಡುವಣದಿಂದ ಬೀಸುತ್ತದೆ, ಹಾಗಾಗಿ ಮನೆಯ ಮೂಡು ದಿಕ್ಕಿಗೆ. ಹೊಗೆ ಮನೆಯಿಂದ ಆಚೆಗೇ ಹೋಗುತ್ತದೆ. ನೆಲ ಒಂದು ಅಡಿ ಎತ್ತರಿಸಿ ಕಾಂಕ್ರೀಟ್ ಹಾಕಿಸಿದೆವು, ಇಲ್ಲದಿದ್ದರೆ ನೀರು ನುಗ್ಗುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಜನರೇಟರ್ ಕರೆಂಟನ್ನು ಮನೆಯ ವೈರಿಂಗಿಗೆ ಕೊಡುವುದು ಹೇಗೆ? ಎರಡೂ ತುದಿಗೆ ಗಂಡು ಪ್ಲಗ್ ಹಾಕಿದ ವೈರನ್ನು ಯಾವುದೋ ಸಾಕೆಟ್ಟಿಗೆ ಸಿಕ್ಕಿಸುವ ಅಭ್ಯಾಸ ನಮ್ಮ ಊರುಗಳಲ್ಲಿದೆ. ದಯವಿಟ್ಟು ಅದನ್ನು ಮಾಡಬೇಡಿ. ಮೇನ್ ಸ್ವಿಚ್ ಇಳಿಸಲು ಮರೆತರೆ ನಿಮ್ಮ 230 ವೋಲ್ಟ್ ಮೀಟರ್ ದಾಟಿ ಲೈನಿಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಉಲ್ಟಾ ಕೆಲಸ ಮಾಡಿ ಅದನ್ನು 11,000 ವೋಲ್ಟ್ ಮಾಡುತ್ತದೆ. ಆ ಹೊತ್ತಿಗೆ ಎಲ್ಲೋ ದೂರದ ಕಂಬದ ಮೇಲೆ, ಲೈನ್ ಆಫ್ ಇದೆ ಎಂದು ನಂಬಿ, ಮಳೆಯಲ್ಲಿ ನೆನೆಯುತ್ತಾ ನಮಗಾಗಿಯೇ ಕೆಲಸ ಮಾಡುತ್ತಿರುವ ಲೈನ್‌ಮನ್ ತಂತಿ ಮುಟ್ಟಿರುತ್ತಾರೆ. ನಮ್ಮ ಕಡೆ ಬರುವ ಹುಡುಗನಿಗೆ ಇಬ್ಬರು ಸಣ್ಣ ಮಕ್ಕಳಿದ್ದಾರೆ. ಈ ಮಾತನ್ನು ಬರೆಯುವಾಗ ಅವನ ಮುಖವೇ ನನ್ನ ಕಣ್ಣ ಮುಂದಿದೆ.

ಅದಕ್ಕೆ ಬೇಕಾದದ್ದು ಚೇಂಜ್ ಓವರ್ ಸ್ವಿಚ್. ಫೇಸ್, ನ್ಯೂಟ್ರಲ್ ಎರಡನ್ನೂ ಬದಲಿಸುವ ಡಬಲ್ ಪೋಲ್ ಸ್ವಿಚ್. ಹಿಡಿ ಒಂದು ಕಡೆ ಇದ್ದರೆ ಲೈನ್, ಇನ್ನೊಂದು ಕಡೆ ಇದ್ದರೆ ಜನರೇಟರ್. ಎರಡೂ ಒಟ್ಟಿಗೆ ಸೇರುವುದು ಸಾಧ್ಯವೇ ಇಲ್ಲ. ಮಿಷನ್ನಿನ ಬೆಲೆಯ ಮುಂದೆ ಅದರ ಬೆಲೆ ಏನೂ ಅಲ್ಲ. ಎಲೆಕ್ಟ್ರಿಷಿಯನ್ ಅದನ್ನು ಹಾಕುವಾಗಲೇ ಜನರೇಟರ್‌ಗೆ ಬೇರೆ ಅರ್ತಿಂಗ್ ಹೊಡೆದು, ಅದರ ನ್ಯೂಟ್ರಲನ್ನು ಅದಕ್ಕೆ ಸೇರಿಸಿದರು. ಹೀಗೆ ಸೇರಿಸದಿದ್ದರೆ ಯಾರಿಗಾದರೂ ಶಾಕ್ ಹೊಡೆದರೂ ಮನೆಯ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್, ಬೀಳುವುದಿಲ್ಲ. ಇದನ್ನು ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ.

ಮನೆಯ ಬ್ಯಾಟರಿ ಇನ್ವರ್ಟರ್ ಮೊದಲಿಗೆ ಜನರೇಟರ್ ಕರೆಂಟನ್ನು ಒಪ್ಪದೆ ಬ್ಯಾಟರಿಯಲ್ಲೇ ಓಡುತ್ತಿತ್ತು. ಹಿಂದುಗಡೆ ಒಂದು ಸಣ್ಣ ಸ್ವಿಚ್ ಇದೆ. ಅದನ್ನು ಯುಪಿಎಸ್ ಮೋಡಿನಿಂದ ನಾರ್ಮಲ್ ಮೋಡಿಗೆ ತಿರುಗಿಸಿದ ಮೇಲೆ ಚಾರ್ಜಿಂಗ್ ಶುರುವಾಯಿತು. ನಾರ್ಮಲ್ ಮೋಡಿನಲ್ಲಿ ಅದು ವೋಲ್ಟೇಜಿನ ಏರಿಳಿತವನ್ನು ಹೆಚ್ಚು ಸಹಿಸುತ್ತದೆ.

ಮೊದಲ ದೊಡ್ಡ ಮಳೆಗೆ ಕರೆಂಟ್ ಹೋದಾಗ ನಾವು ಹಾಕಿದ ಲೆಕ್ಕ ಸರಿಯಾಗಿಯೇ ನಡೆಯಿತು. ಬೆಳಿಗ್ಗೆ ಮೊದಲು ಪಂಪ್ ಒಂದನ್ನೇ ಹಾಕಿ ಟ್ಯಾಂಕ್ ತುಂಬಿಸುವುದು, ಅದು ನಿಂತ ಮೇಲೆ ಫ್ರಿಡ್ಜ್, ಆಮೇಲೆ ಮಿಕ್ಸಿ. ಈ ಕ್ರಮ ತಪ್ಪಿಸಬಾರದು. ಪಕ್ಕದ ಮನೆಯವರೂ ಮೊಬೈಲ್, ಟಾರ್ಚ್ ತಂದು ಚಾರ್ಜ್ ಹಾಕಿಕೊಂಡರು. ಅವರ ಮನೆಯ ಅಜ್ಜಿಗೆ ಉಸಿರಾಟದ ತೊಂದರೆ, ನೆಬುಲೈಸರ್ ಇಲ್ಲೇ ತಂದು ಕೊಟ್ಟರು. ಮೊದಲ ದಿನಗಳು ಪೆಟ್ರೋಲಿನಲ್ಲಿ ಓಡಿಸಿ, ಗ್ಯಾಸನ್ನು ಕೊನೆಗೆ ಉಳಿಸಿಕೊಳ್ಳುತ್ತೇವೆ. ಏಕೆಂದರೆ ಉಳಿದರೆ ಮುಂದಿನ ವರ್ಷಕ್ಕೂ ಆಗುವುದು ಗ್ಯಾಸ್ ಮಾತ್ರ.

ನಿರ್ವಹಣೆ ಅಂಥ ಕಷ್ಟವಿಲ್ಲ. ಮೊದಲ 20 ಗಂಟೆ ಓಡಿದ ಮೇಲೆ ಆಯಿಲ್ ಬದಲಿಸಿದೆವು. ಇನ್ನು ಮೇಲೆ 100 ಗಂಟೆಗೊಮ್ಮೆ, ಇಲ್ಲವೇ ಆರು ತಿಂಗಳಿಗೊಮ್ಮೆ. ಮಳೆಗಾಲ ಮುಗಿದ ಮೇಲೂ ತಿಂಗಳಿಗೊಮ್ಮೆ ಗ್ಯಾಸಿನಲ್ಲಿ ಹದಿನೈದು ನಿಮಿಷ, ಪಂಪಿನ ಲೋಡ್ ಹಾಕಿಯೇ ಓಡಿಸುತ್ತೇವೆ. ಸುಮ್ನೆ ಖಾಲಿ ಓಡಿಸಿದರೆ ಆಲ್ಟರ್ನೇಟರಿನ ಒಳಗಿನ ತೇವ ಸರಿಯಾಗಿ ಆರುವುದಿಲ್ಲ. ಇಲಿ ಗೂಡು ಕಟ್ಟದ ಹಾಗೆ ಏರ್ ಫಿಲ್ಟರಿನ ಬಾಯಿಗೆ ಸಣ್ಣ ಕಣ್ಣಿನ ತಂತಿ ಜಾಲರಿ ಹಾಕಿದ್ದೇವೆ. ಮುಂದಿನ ಮೇ ತಿಂಗಳೊಳಗೆ ಎರಡನೇ ಸಿಲಿಂಡರ್ ತೆಗೆದುಕೊಳ್ಳಬೇಕೆಂದಿದೆ. ಪಕ್ಕದ ಮನೆಯವರು ಅರ್ಧ ದುಡ್ಡು ತಾವು ಹಾಕುತ್ತೇವೆ ಎಂದಿದ್ದಾರೆ, ಅವರ ಮನೆಗೂ ಒಂದು ಲೈನ್ ಎಳೆಯಲು ಆಗುತ್ತದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಮಾತಾಡುತ್ತಿದ್ದೇವೆ.